ಬಿಸಿ ಮಸಾಲೆ ಸೇಬಿನ ರಸ: ಮನೆಯಲ್ಲಿ ಕಲಿತು ಹೋಟೆಲಿಗೆ ತರೋಣ



ಚಳಿ ಶುರುವಾಯಿತೆಂದರೆ ದಿಲ್ಲಿ, ಪುಣೆ ಕಡೆಯ ನಮ್ಮ ಹೋಟೆಲುಗಳಲ್ಲಿ ಲಸ್ಸಿ, ತಂಪು ಜ್ಯೂಸ್‌ಗಳ ವ್ಯಾಪಾರ ಇಳಿಯುತ್ತದೆ. ಕಾಫಿ, ಚಹಾ, ಕಷಾಯಗಳದ್ದೇ ಕಾರುಬಾರು. ಈ ಸಾಲಿಗೆ ಸೇರಿಸಬಹುದಾದ ಒಂದು ಬಿಸಿ ಪಾನೀಯ ಈ ಬಾರಿಯ ಪಾಠ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸೇಬು ಕೊಯ್ಲಿನ ಕಾಲದಿಂದ ಕ್ರಿಸ್‌ಮಸ್‌ವರೆಗೆ ಮನೆಗಳಲ್ಲಿ ಕಾಯಿಸಿ ಕುಡಿಯುವ ಮಸಾಲೆ ಸೇಬಿನ ರಸವಿದು. ಅಲ್ಲಿ ಇದನ್ನು ಆ್ಯಪಲ್ ಸೈಡರ್ ಎನ್ನುತ್ತಾರೆ. ಬೇಕಾದ ಚಕ್ಕೆ, ಲವಂಗ, ಶುಂಠಿ ನಮ್ಮ ಉಗ್ರಾಣದಲ್ಲೇ ಇವೆ. ವಿಧಾನವೂ ಸುಲಭ. ಎಚ್ಚರ ಬೇಕಾದದ್ದು ಹಣ್ಣು ಆರಿಸುವಲ್ಲಿ.

ಹೆಸರಿನ ಗೊಂದಲ

ಅಮೆರಿಕದಲ್ಲಿ ಸೈಡರ್ ಎಂದರೆ ಸಾಮಾನ್ಯವಾಗಿ ಸೋಸದ, ಮದ್ಯವಿಲ್ಲದ ಸೇಬಿನ ರಸ. ಇಂಗ್ಲೆಂಡಿನಲ್ಲಿ ಅದೇ ಹೆಸರು ಹುಳಿಯಿಸಿದ ಮದ್ಯಕ್ಕೆ ಸಲ್ಲುತ್ತದೆ. ನಮ್ಮದು ಸಂಸಾರಸ್ಥರು ಬರುವ ಸಸ್ಯಾಹಾರಿ ಹೋಟೆಲು. ಆದ್ದರಿಂದ ಮೆನು ಕಾರ್ಡಿನಲ್ಲಿ 'ಬಿಸಿ ಮಸಾಲೆ ಸೇಬಿನ ರಸ' ಎಂದೇ ಬರೆಸುವುದು ಕ್ಷೇಮ. ಕುದಿಸದ ರಸವನ್ನು ಹೊರಗೆ ಒಂದೆರಡು ದಿನ ಇಟ್ಟರೆ ತಾನಾಗಿಯೇ ಹುಳಿಯೇಳತೊಡಗುತ್ತದೆ ಎಂಬುದೂ ನೆನಪಿರಲಿ.

ಯಾವ ಹಣ್ಣು?

ಹಿಮಾಚಲದ ಸೇಬಿಗೂ ಅಮೆರಿಕಕ್ಕೂ ನಂಟಿದೆ. ಅಮೆರಿಕದಿಂದ ಬಂದು ಅಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬವರು 1916ರ ಸುಮಾರಿಗೆ ಶಿಮ್ಲಾ ಬಳಿಯ ಕೋಟಗಢ ಸೀಮೆಯಲ್ಲಿ ಡೆಲಿಷಿಯಸ್ ಜಾತಿಯ ಸಸಿಗಳನ್ನು ನೆಟ್ಟರು. ಇಂದು ಮಂಡಿಗೆ ಬರುವ ಕೆಂಪು ಸೇಬಿನಲ್ಲಿ ಬಹುಪಾಲು ಆ ಬಳಗದ್ದೇ. ಇದು ಸಿಹಿ ಹೆಚ್ಚು, ಹುಳಿ ಕಡಿಮೆ. ಒಂದೇ ಜಾತಿ ಹಾಕಿದರೆ ರಸ ಸಪ್ಪೆಯೆನಿಸುತ್ತದೆ. ಮೂರು ಪಾಲು ಕೆಂಪು ಸೇಬಿಗೆ ಒಂದು ಪಾಲು ಹುಳಿ ಹಸಿರು ಸೇಬು ಸೇರಿಸಿ. ಸಿಗದಿದ್ದರೆ ಕೊನೆಯಲ್ಲಿ ಸ್ವಲ್ಪ ನಿಂಬೆರಸ ಸಾಕು.

ಮನೆಯಲ್ಲಿ ಮಾಡುವ ವಿಧಾನ

ಸೇಬು 2 ಕೆ.ಜಿ., ನೀರು 2.5 ಲೀಟರ್, ಎರಡಂಗುಲದ ಚಕ್ಕೆ 2, ಲವಂಗ 6ರಿಂದ 8, ಜಜ್ಜಿದ ಹಸಿಶುಂಠಿ ಒಂದಂಗುಲ, ಒಂದು ಕಿತ್ತಳೆಯ ಹೊರಸಿಪ್ಪೆ, ಬೆಲ್ಲ ರುಚಿಗೆ, ಜಾಯಿಕಾಯಿ ಒಂದು ಚಿಟಿಕೆ.

ಹಣ್ಣನ್ನು ಚೆನ್ನಾಗಿ ತೊಳೆದು, ಬೀಜದ ಗೂಡು ತೆಗೆದು, ಸಿಪ್ಪೆ ಸಮೇತ ಹೋಳು ಮಾಡಿ. ನೀರು ಹಾಕಿ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ ಒಂದು ಗಂಟೆ ಬೇಯಿಸಿ. ಹೋಳುಗಳನ್ನು ಮಸೆದು ತೆಳು ಬಟ್ಟೆಯಲ್ಲಿ ಸೋಸಿ. ಸೋಸಿದ ರಸಕ್ಕೆ ಚಕ್ಕೆ, ಲವಂಗ, ಶುಂಠಿ, ಕಿತ್ತಳೆ ಸಿಪ್ಪೆಗಳ ಗಂಟನ್ನು ಇಳಿಬಿಟ್ಟು ಇನ್ನೂ 15 ನಿಮಿಷ ಸಣ್ಣ ಉರಿಯಲ್ಲಿ ಕಾಯಿಸಿ ಗಂಟು ತೆಗೆಯಿರಿ. ಬಿಟ್ಟರೆ ಲವಂಗ ನಾಲಿಗೆ ಮರಗಟ್ಟಿಸುತ್ತದೆ, ಸಿಪ್ಪೆ ಕಹಿಯಾಗುತ್ತದೆ. ರುಚಿ ನೋಡಿಯೇ ಬೆಲ್ಲ ಹಾಕಿ, ಜಾಯಿಕಾಯಿ ತುರಿದು ಇಳಿಸಿ. ಚಕ್ಕೆ ಪುಡಿ ಬೇಡ, ರಸ ಲೋಳೆಯಾಗುತ್ತದೆ. ಸೇಬಿನ ಹುಳಿ ಲೋಹದೊಡನೆ ಸೇರುವುದರಿಂದ ಸ್ಟೀಲ್ ಪಾತ್ರೆಯನ್ನೇ ಬಳಸಿ. ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ಹಿತ್ತಾಳೆ ಬೇಡವೇ ಬೇಡ. ಸುಮಾರು 2.5 ಲೀಟರ್, ಅಂದರೆ 150 ಮಿ.ಲೀ.ನ 16 ಲೋಟ ಸಿಗುತ್ತದೆ. ಉಳಿದ ತಿರುಳನ್ನು ಜರಡಿಯಾಡಿಸಿದರೆ ಶೀರಾಕ್ಕೆ ಒದಗುತ್ತದೆ.

ಕುದಿಸಿದರೆ ಎಲ್ಲವೂ ಹೋಗುವುದಿಲ್ಲ

ನಾವು ಇದನ್ನು ಹೆಚ್ಚು ಪ್ರಮಾಣದಲ್ಲಿ ಮಾಡಹೊರಟಾಗ ಮಂಡಿಯಿಂದ ಅರ್ಧ ಬೆಲೆಗೆ ಒಂದು ಪೆಟ್ಟಿಗೆ ತಂದೆವು. ಬಿಚ್ಚಿ ನೋಡಿದರೆ ಕೆಳಗಿನ ಸಾಲಿನಲ್ಲಿ ನೀಲಿ ಹಸಿರು ಬೂಷ್ಟು. ನಮ್ಮ ಭಟ್ಟರು, "ಕೊಳೆತದ್ದನ್ನು ಕೆತ್ತಿ ಹಾಕುವ ಸ್ವಾಮಿ, ಕುದಿಸಿದರೆ ಎಲ್ಲ ಹೋಗುತ್ತದೆ, ಮೇಲೆ ಚಕ್ಕೆ ಲವಂಗ ಬೀಳುತ್ತದಲ್ಲ" ಎಂದರು. ನಾವೂ ಹೂಂ ಎನ್ನುವವರಿದ್ದೆವು. ವಿಷಯ ಓದಿ ತಿಳಿದ ಮೇಲೆ ಆ ಹಣ್ಣನ್ನು ಎಸೆದೆವು.

ಸೇಬಿನ ರಸದಲ್ಲಿ ಎರಡು ಬಗೆಯ ಅಪಾಯವಿದೆ. ಮೊದಲನೆಯದು ರೋಗಾಣು. 1996ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಕಾಯಿಸದ ಸೇಬಿನ ರಸ ಕುಡಿದು ಅರುವತ್ತಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಒಂದು ಮಗು ತೀರಿಕೊಂಡಿತು. ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಅಪಾಯಕಾರಿ ತಳಿ. ಇದು ಕುದಿಸಿದರೆ ಸಾಯುತ್ತದೆ.

ಎರಡನೆಯದು ಪ್ಯಾಟುಲಿನ್. ಕೊಳೆತ ಸೇಬಿನ ನೀಲಿ ಬೂಷ್ಟು ಬಿಡುವ ವಿಷವಿದು. ಹುಳಿ ರಸದಲ್ಲಿ ಇದು ಬಿಸಿಯನ್ನು ತಡೆದು ಉಳಿಯುತ್ತದೆ. ಅಡುಗೆಮನೆಯ ಕುದಿಯನ್ನು ನಂಬುವಂತಿಲ್ಲ. ಬಣ್ಣ, ವಾಸನೆಗಳಿಂದಲೂ ಗೊತ್ತಾಗದು. ಕಣ್ಣಿಗೆ ಕಾಣುವ ಕೊಳೆತದ ಆಚೆಗೂ ತಿರುಳಿಗೆ ಹರಡಿರಬಹುದು. ನಮ್ಮ ದೇಶದ ಆಹಾರ ಸುರಕ್ಷಾ ನಿಯಮದಲ್ಲಿ ಸೇಬಿನ ರಸಕ್ಕೆ ಇದರ ಮಿತಿ ಕೆ.ಜಿ.ಗೆ 50 ಮೈಕ್ರೋಗ್ರಾಂ ಮಾತ್ರ.

ಹಾಗಾಗಿ ನಿಯಮ ಸರಳ: ಸಾಗಾಟದಲ್ಲಿ ಪೆಟ್ಟು ತಿಂದು ಬರೇ ಕಂದಿದ ಹಣ್ಣನ್ನು ಕಂದಿದ ಭಾಗ ತೆಗೆದು ಅದೇ ದಿನ ಬಳಸಬಹುದು. ಬೂಷ್ಟು ಹಿಡಿದದ್ದು, ಮೆತ್ತಗೆ ಕೊಳೆತದ್ದು ಇಡೀ ಹಣ್ಣೇ ತೊಟ್ಟಿಗೆ.

ಲೆಕ್ಕವನ್ನೂ ನೋಡೋಣ

ಉದಾಹರಣೆಗೆ ಒಳ್ಳೆಯ ಸೇಬು ಕೆ.ಜಿ.ಗೆ 120 ರೂಪಾಯಿ ಎಂದಿಟ್ಟುಕೊಳ್ಳಿ. 2 ಕೆ.ಜಿ.ಗೆ 240, ಲೋಟಕ್ಕೆ 15 ರೂಪಾಯಿ. ಅರ್ಧ ಬೆಲೆಯ ಪೆಟ್ಟಿಗೆಯಲ್ಲಿ ಮೂರನೇ ಒಂದು ಪಾಲು ಎಸೆದರೆ ಬಳಸುವ ಹಣ್ಣಿಗೆ ಕೆ.ಜಿ.ಗೆ 90 ಬೀಳುತ್ತದೆ, ಲೋಟಕ್ಕೆ ಹನ್ನೊಂದೂಕಾಲು. ಉಳಿಯುವುದು ಲೋಟಕ್ಕೆ ನಾಲ್ಕು ರೂಪಾಯಿಗಿಂತ ಕಡಿಮೆ, ಅದರಲ್ಲೂ ಆರಿಸುವ ಹುಡುಗನ ಹೊತ್ತು ಲೆಕ್ಕಕ್ಕೆ ಬಂದಿಲ್ಲ. ಎಸೆಯದೆ ಹಾಕಿದರಷ್ಟೇ ದೊಡ್ಡ ಲಾಭ. ಆ ಲಾಭ ಗಿರಾಕಿಯ ಹೊಟ್ಟೆಯದ್ದು, ನಮ್ಮದಲ್ಲ.

ಹೋಟೆಲಿನಲ್ಲಿ ಮಾಡುವಾಗ

ಬಡಿಸುವ ತನಕ ರಸ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಲಿ. ಉಳಿದದ್ದನ್ನು ಅಗಲ ಪಾತ್ರೆಗೆ ಸುರಿದು ಬೇಗ ತಣಿಸಿ, 5 ಡಿಗ್ರಿಯೊಳಗೆ ಫ್ರಿಜ್‌ನಲ್ಲಿಟ್ಟು, ಮರುದಿನವೇ ಕುದಿಸಿ ಮುಗಿಸಿ. ಹಳತನ್ನು ಹೊಸತಕ್ಕೆ ಬೆರೆಸಬೇಡಿ. ಪೊಟ್ಟಣದ ಜ್ಯೂಸ್ ಬಳಸುವವರು ಅದು ಪೂರ್ತಿ ಹಣ್ಣಿನ ರಸವೋ, ಸಕ್ಕರೆ ನೀರು ಸೇರಿದ ಪಾನೀಯವೋ ಎಂದು ಚೀಟಿ ಓದಿ ಕೊಳ್ಳಿ.

ಮೊದಲು ಮನೆಯಲ್ಲಿ 2 ಕೆ.ಜಿ. ಮಾಡಿ ಮಕ್ಕಳಿಗೂ ಹಿರಿಯರಿಗೂ ಕೊಟ್ಟು ನೋಡಿ. ಅವರಿಗೆ ಯಾವ ಹಣ್ಣನ್ನು ನಾವು ಹಾಕುವುದಿಲ್ಲವೋ, ಅದನ್ನು ಗಿರಾಕಿಗೂ ಹಾಕುವುದು ಬೇಡ. ನಮ್ಮ ಹಿರಿಯರು ಪರವೂರಿನಲ್ಲಿ ಹೋಟೆಲಿಟ್ಟು ಹೆಸರು ಗಳಿಸಿದ್ದು ಈ ನಂಬಿಕೆಯ ಮೇಲೆಯೇ.