ಕೂಸಿನ ಗೋಣು ನಿಲ್ಲುವ ಕಾಲ



ಬಿತ್ತಿದ ಪೈರನ್ನು ದಿನ ಎಣಿಸಿ ನೋಡುವ ನಾವು ತೊಟ್ಟಿಲ ಕೂಸನ್ನೂ ಹಾಗೆಯೇ ಗಮನಿಸಬೇಕು.

ಹುಟ್ಟಿದ ಕೂಸಿನ ತಲೆ ದೇಹದ ಉದ್ದದಲ್ಲಿ ಸುಮಾರು ಕಾಲು ಭಾಗ. ಗೋಣಿನ ಸ್ನಾಯುಗಳು ಎಳೆಯವು. ಆದ್ದರಿಂದ ಎತ್ತುವಾಗ, ಎರೆಯುವಾಗ ತಲೆಯ ಹಿಂದೆ ಅಂಗೈ ಇರಲೇಬೇಕು. ಅಳು ನಿಲ್ಲಿಸಲೆಂದು ಜೋರಾಗಿ ಅಲುಗಾಡಿಸಬಾರದು, ಮಿದುಳಿಗೆ ಪೆಟ್ಟಾದೀತು.

ಬೋರಲು ಮಲಗಿಸಿದಾಗ 1 ತಿಂಗಳ ಕೂಸು ಕ್ಷಣಕಾಲ ತಲೆ ಎತ್ತುತ್ತದೆ. 3 ತಿಂಗಳ ಸುಮಾರಿಗೆ ಮೊಳಕೈ ಊರಿ ಎದೆ ಎತ್ತುತ್ತದೆ. 4 ತಿಂಗಳು ತುಂಬುವ ಹೊತ್ತಿಗೆ, ಎತ್ತಿಕೊಂಡಾಗ ಆಸರೆಯಿಲ್ಲದೆ ಗೋಣು ನಿಲ್ಲುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಈ ಲೆಕ್ಕವನ್ನು ಹೆರಿಗೆಗೆಂದು ವೈದ್ಯರು ಹೇಳಿದ್ದ ದಿನದಿಂದ ಹಿಡಿಯಬೇಕು.

ಕೂಸು ಎಚ್ಚರವಿದ್ದಾಗ, ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ, ಚಾಪೆಯ ಮೇಲೆ ದಿನಕ್ಕೆ 2–3 ಸಲ, 3–5 ನಿಮಿಷ ಬೋರಲು ಹಾಕಿರಿ, ಹತ್ತಿರವೇ ಕುಳಿತಿರಿ. ಇದರಿಂದ ಗೋಣಿಗೆ ಬಲ ಬರುತ್ತದೆ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು.

4 ತಿಂಗಳಾದರೂ ಗೋಣು ವಾಲುತ್ತಿದ್ದರೆ, ‘ನಮ್ಮ ಮನೆತನದಲ್ಲಿ ತಡವೇ’ ಎಂದು ಸುಮ್ಮನಿರಬೇಡಿರಿ. ತಾಯಿತ ಕಟ್ಟಿಸಿ ದಿನ ದೂಡಬೇಡಿರಿ. ಮಕ್ಕಳ ವೈದ್ಯರಿಗೆ ತೋರಿಸಿರಿ. ತೊಂದರೆ ಬೇಗ ತಿಳಿದಷ್ಟೂ ಚಿಕಿತ್ಸೆಯ ಫಲ ಹೆಚ್ಚು. ಕೂಸಿನ ಆರೈಕೆಯೂ ಕಾಯಕವೇ.