ಅಗ್ಗದ ಇಯರ್‌ಫೋನುಗಳ ಹೋಲಿಕೆ
ಗಾಂಧಿಬಾಗಿನ ಬಟ್ಟೆಪೇಟೆಯ ಗದ್ದಲದಲ್ಲಿ ಇಯರ್‌ಫೋನಿನ ಗುಣ ತಿಳಿಯದು. ಆದುದರಿಂದ ನಾವು ಅಗ್ಗದ ಎರಡು ಜೊತೆಗಳನ್ನು ರಾತ್ರಿ ಕೋಣೆಯಲ್ಲಿ ಹೋಲಿಸಿದೆವು. ಫೋನಿನ ಈಕ್ವಲೈಜರಿನಿಂದ ಎರಡರ ನಾದವನ್ನೂ ಆದಷ್ಟು ಸಮಮಾಡಿ, ಭೀಮಸೇನ ಜೋಶಿಯವರ ಗಾಯನ ಹಾಕಿದೆವು. ಒಂದರಲ್ಲಿ ತಂಬೂರಿಯ ಖರ್ಜವೇ ಇಲ್ಲ! ಮಂದ್ರದ ಪಟ್ಟಿಯನ್ನು ಏರಿಸಿದಷ್ಟೂ ದನಿ ಒಡೆಯಿತೇ ಹೊರತು ಖರ್ಜ ಬರಲಿಲ್ಲ. ದೋಷವಿದ್ದುದು ರಬ್ಬರ್ ತುದಿಯಲ್ಲಿ. ಅದು ಸಡಿಲವಾಗಿ ಗಾಳಿ ಸೋರಿದರೆ ಮೊದಲು ಹೋಗುವುದು ಮಂದ್ರಸ್ವರವೇ. ದೊಡ್ಡ ತುದಿ ಹಾಕಿದ ಮೇಲೆ ಅಂತರ ಬಹುಪಾಲು ಅಳಿಯಿತು.

ಹೋಲಿಸುವಾಗ ಎರಡರ ಗಟ್ಟಿತನವೂ ಒಂದೇ ಇರತಕ್ಕದ್ದು. ಕೊಂಚ ಗಟ್ಟಿಯಾದುದನ್ನೇ ಕಿವಿ ಉತ್ತಮವೆಂದು ನಂಬುತ್ತದೆ. ಮಾರುವವರು ಇದನ್ನು ಬಲ್ಲರು. ತುದಿ ಸರಿಯಾಗಿ ಕೂತರೆ ಹೊರಗಿನ ಸದ್ದು ತಗ್ಗಿ, ಮೆಲುದನಿಯೇ ಸಾಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಯಸ್ಕರಿಗೆ ಸೂಚಿಸಿದ ಮಿತಿ 80 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ.