ಮೇವು ಕತ್ತರಿಸುವ ವಿದ್ಯುದ್ಯಂತ್ರವು ನಡುನಡುವೆ ನಿಲ್ಲುವುದೇಕೆ?

ಹೈನುಪಶುಗಳನ್ನು ಸಾಕಿಕೊಂಡಿರುವ ಬೇಸಾಯಗಾರರ ಮನೆಗಳಲ್ಲಿ ಮೇವು ಕತ್ತರಿಸುವ ವಿದ್ಯುದ್ಯಂತ್ರವು ಈಗ ಅಪರೂಪವಾದ ವಸ್ತುವಲ್ಲ. ಜೋಳದ ದಂಟನ್ನಾಗಲಿ ನೇಪಿಯರ್ ಹುಲ್ಲನ್ನಾಗಲಿ ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದು ಹಾಳುಮಾಡುವುವು. ತುಂಡರಿಸಿ ಹಾಕಿದರೆ ಈ ನಷ್ಟವು ಬಹುಮಟ್ಟಿಗೆ ತಪ್ಪುವುದು. ಆದರೆ ಯಂತ್ರವು ಹತ್ತು ನಿಮಿಷ ಓಡಿ ತಾನಾಗಿ ನಿಲ್ಲುವುದೆಂದೂ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವುದೆಂದೂ ಹಲವರು ದೂರುವುದುಂಟು. ಮೋಟಾರು ಕೆಟ್ಟಿತೆಂದು ಅದನ್ನು ಬಿಚ್ಚಿ ಪೇಟೆಗೆ ಹೊರುವುದಕ್ಕೆ ಮುಂಚೆ, ಹೀಗೆ ನಿಲ್ಲುವುದರ ಅರ್ಥವೇನೆಂಬುದನ್ನು ತಿಳಿಯುವುದು ಮೇಲು.

ಇಂತಹ ಅನೇಕ ಮೋಟಾರುಗಳಲ್ಲಿ ಒಂದು ಉಷ್ಣರಕ್ಷಕವಿರುವುದು. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗತಕ್ಕ ಎರಡು ಲೋಹಗಳನ್ನು ಬೆಸೆದು ಮಾಡಿದ ಸಣ್ಣ ಬಿಲ್ಲೆಯೇ ಅದರ ಮುಖ್ಯ ಭಾಗ. ಮೋಟಾರು ಮಿತಿಮೀರಿ ಕಾಯ್ದಾಗ ಆ ಬಿಲ್ಲೆಯು ಬಾಗಿ ವಿದ್ಯುತ್ತಿನ ದಾರಿಯನ್ನು ಕಡಿಯುವುದು. ತಣಿದಾಗ ಮೊದಲಿನ ಆಕಾರಕ್ಕೆ ಬರುವುದು. ಕೆಲವು ಮೋಟಾರುಗಳು ಹೊರಗಿನ ಗುಂಡಿಯನ್ನು ಒತ್ತಿದ ಹೊರತು ಮತ್ತೆ ಹೊರಡುವುದಿಲ್ಲ. ಮತ್ತೆ ಕೆಲವು ತಣಿದೊಡನೆ ತಾವಾಗಿಯೇ ಹೊರಡುವುವು. ಈ ಎರಡನೆಯ ಬಗೆಯವೇ ಬೆರಳುಗಳನ್ನು ತೆಗೆಯತಕ್ಕವು. ಯಂತ್ರವು ನಿಂತಿದೆಯೆಂಬ ಧೈರ್ಯದಿಂದ ಸಿಕ್ಕಿಕೊಂಡ ಹುಲ್ಲನ್ನು ಬಾಯಿಯೊಳಗಿಂದ ಎಳೆಯುತ್ತಿರುವಾಗ ಬಿಲ್ಲೆಯು ತಣಿದರೆ ಅಲಗುಗಳು ತಿರುಗುವುವು. ವಿದ್ಯುತ್ತು ಹೋಗಿ ಮತ್ತೆ ಬಂದಾಗಲೂ ಇದೇ ಅಪಾಯವುಂಟು. ಆದುದರಿಂದ ಯಂತ್ರವು ಯಾವ ಕಾರಣದಿಂದ ನಿಂತರೂ ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಹತ್ತಿರದಲ್ಲಿಟ್ಟುಕೊಳ್ಳತಕ್ಕದ್ದು. ಸ್ವಿಚ್ಚನ್ನು ಆರಿಸಿದರೆ ಸಾಲದು. ಭಾರವಾದ ಚಕ್ರವು ಪೂರ್ತಿಯಾಗಿ ನಿಲ್ಲುವವರೆಗೆ ಕಾದು, ಅದು ತಿರುಗದಂತೆ ಮರದ ತುಂಡನ್ನು ಅಡ್ಡಕೊಟ್ಟು, ಅನಂತರ ಕೋಲಿನಿಂದ ಹುಲ್ಲನ್ನು ತೆಗೆಯಬೇಕು. ಮಕ್ಕಳನ್ನು ಈ ಕೆಲಸಕ್ಕೆ ಬಿಡಲೇ ಕೂಡದು.

ಪ್ಲಗ್ಗನ್ನು ಕಿತ್ತ ಮೇಲೆ ಮೋಟಾರಿನ ಹೊರಚಿಪ್ಪಿನ ಬಳಿ ಕೈಯನ್ನು ಹಿಡಿದು ನೋಡುವುದು. ಅದು ಬಹಳ ಕಾಯ್ದಿದ್ದರೆ ರಕ್ಷಕವು ತನ್ನ ಕೆಲಸವನ್ನು ಮಾಡಿದೆಯೆಂದೂ, ದೋಷವು ಪ್ರಾಯಶಃ ಭಾರದಲ್ಲಿಯೋ ವೋಲ್ಟೇಜಿನಲ್ಲಿಯೋ ಇದೆಯೆಂದೂ ತಿಳಿಯಬಹುದು.

ಭಾರಕ್ಕೆ ಮುಖ್ಯ ಕಾರಣವು ಮೊಂಡಾದ ಅಲಗು. ಕತ್ತರಿಸಿದ ತುಂಡುಗಳ ತುದಿಯನ್ನು ನೋಡಿದರೆ ಇದು ಗೊತ್ತಾಗುವುದು: ಹರಿತವಾದ ಅಲಗಿನ ತುಂಡು ನುಣ್ಣಗಿರುವುದು, ಮೊಂಡು ಅಲಗಿನದು ಜಜ್ಜಿ ನಾರುನಾರಾಗಿರುವುದು. ಹೀಗೆ ನಾರನ್ನು ಹರಿಯುವ ಶ್ರಮವೆಲ್ಲವೂ ಮೋಟಾರಿನ ಮೇಲೆ ಬೀಳುವುದು. ಸಾಣೆಯನ್ನು ಅಲಗಿನ ಓರೆಯಾದ ಪಕ್ಕಕ್ಕೆ ಮಾತ್ರ ಹಿಡಿಯಬೇಕು. ಚಪ್ಪಟೆಯಾದ ಪಕ್ಕವನ್ನು ಸವೆಸಬಾರದು. ಉಕ್ಕು ನೀಲಿಗಟ್ಟುವಷ್ಟು ಕಾಯ್ದರೆ ಹದವು ಹೋಗುವುದರಿಂದ ಆಗಾಗ್ಗೆ ನೀರಿನಲ್ಲಿ ಅದ್ದುವುದು ಅವಶ್ಯಕ. ಎಲ್ಲ ಅಲಗುಗಳನ್ನೂ ಸಮನಾಗಿ ಸವೆಸದಿದ್ದರೆ ತೂಕವು ಹೆಚ್ಚುಕಡಿಮೆಯಾಗಿ ಯಂತ್ರವು ಅದುರುವುದು. ಅಲಗಿಗೂ ಅದರೆದುರಿನ ಸ್ಥಿರವಾದ ಪಟ್ಟಿಗೂ ನಡುವೆ ದಪ್ಪ ಕಾಗದವು ತೂರುವಷ್ಟೇ ಸಂದಿರಬೇಕು. ಸಂದು ಹೆಚ್ಚಾದರೆ, ಅಲಗು ಎಷ್ಟು ಹರಿತವಾಗಿದ್ದರೂ ಹಸಿಹುಲ್ಲು ಅದರಲ್ಲಿ ಮಡಿಚಿಕೊಂಡು ಸಿಕ್ಕುವುದು. ಬೋಲ್ಟುಗಳನ್ನು ಬಿಗಿಮಾಡಿದ ಮೇಲೆ, ಪ್ಲಗ್ಗನ್ನು ಹಾಕುವುದಕ್ಕೆ ಮುಂಚೆ, ಚಕ್ರವನ್ನು ಹೊರಗಿನ ಅಂಚಿನಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲಿಯೂ ಉಜ್ಜುವುದಿಲ್ಲವೆಂದು ನೋಡಿಕೊಳ್ಳತಕ್ಕದ್ದು.

ಅಲಗು ಸರಿಯಾಗಿದ್ದೂ ಮೋಟಾರು ಕಾಯುವುದಾದರೆ ತಂತಿಯನ್ನು ಪರೀಕ್ಷಿಸಬೇಕು. 230 ವೋಲ್ಟಿಗೆ ಬದಲಾಗಿ 180 ವೋಲ್ಟು ಮಾತ್ರ ಬಂದರೆ ಮೋಟಾರಿನ ತಿರುಗಿಸುವ ಬಲವು ಸುಮಾರು ಐದರಲ್ಲಿ ಮೂರು ಪಾಲಿಗೆ ಇಳಿಯುವುದು. ಅಷ್ಟೇ ಭಾರವನ್ನು ಎಳೆಯಲು ಅದು ಹೆಚ್ಚು ಪ್ರವಾಹವನ್ನು ತೆಗೆದುಕೊಂಡು ಕಾಯುವುದು. ಈ ಕೊರತೆಯನ್ನು ಅನೇಕ ವೇಳೆ ಬೇಸಾಯಗಾರನೇ ತಂದುಕೊಂಡಿರುತ್ತಾನೆ. ಮನೆಯಿಂದ 50 ಮೀಟರು ದೂರದ ಕೊಟ್ಟಿಗೆಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಎಳೆದು, ಸುಮಾರು 12 ಆಂಪಿಯರ್ ತೆಗೆದುಕೊಳ್ಳುವ 2 ಅಶ್ವಶಕ್ತಿಯ ಮೋಟಾರನ್ನು ಓಡಿಸಿದರೆ, ಹೋಗಿಬರುವ ದಾರಿಯಲ್ಲಿಯೇ 14 ವೋಲ್ಟಿನಷ್ಟು ನಷ್ಟವಾಗುವುದು. ಮೋಟಾರು ಹೊರಡುವಾಗ ಪ್ರವಾಹವು ಕೆಲವು ಮಡಿಯಾಗುವುದರಿಂದ ನಷ್ಟವೂ ಆ ಮೇರೆಗೆ ಏರುವುದು. 4 ಚದರ ಮಿಲಿಮೀಟರಿನ ತಂತಿಯಾದರೆ 14ರ ಸ್ಥಳದಲ್ಲಿ ಸುಮಾರು 5 ಆಗುವುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಅಧಿಕ ವೋಲ್ಟೇಜಿಗೆ ಏರಿಸಿ ಕಳುಹಿಸಿದುದೂ ತಂತಿಯ ಈ ನಷ್ಟವನ್ನು ತಗ್ಗಿಸುವುದಕ್ಕಾಗಿಯೇ. ಉಳಿದ ತಂತಿಯನ್ನು ಸುರುಳಿಯಾಗಿ ಸುತ್ತಿಟ್ಟು ಯಂತ್ರವನ್ನು ಓಡಿಸುವುದೂ ಕೆಟ್ಟ ಪದ್ಧತಿ. ಸುರುಳಿಯು ತಾನೇ ಕಾಯ್ದು ಕರಗಬಹುದು.

ಒಣದಂಟಿನ ಧೂಳು ಮೋಟಾರಿನ ಗಾಳಿಕಂಡಿಗಳನ್ನು ಮುಚ್ಚುವುದು, ಬೇರಿಂಗು ಗ್ರೀಸಿಲ್ಲದೆ ಬಿಗಿಯುವುದು, ಬೆಲ್ಟು ಅತಿಯಾಗಿ ಬಿಗಿಯಾಗಿರುವುದು ಇವೂ ಕಾವಿಗೆ ಕಾರಣಗಳೇ. ಚಕ್ರವು ಪೂರ್ಣ ವೇಗಕ್ಕೆ ಬರುವ ಮುಂಚೆಯೇ ದೊಡ್ಡ ಕಂತೆಯನ್ನು ತುರುಕುವವರಿಗೆ ಯಾವ ಯಂತ್ರವೂ ಬಾಳುವುದಿಲ್ಲ.

ಮೋಟಾರು ತಣ್ಣಗಿದ್ದು, ಮನೆಯ ಸ್ವಿಚ್ಚುಪೆಟ್ಟಿಗೆಯಲ್ಲಿರುವ ಸೋರಿಕೆ ರಕ್ಷಕವು ಬೀಳುತ್ತಿದ್ದರೆ ವಿಷಯವು ಬೇರೆ. ಆಗ ವಿದ್ಯುತ್ತು ಯಂತ್ರದ ಮೈಗೆ ಸೋರುತ್ತಿರಬಹುದು. ಭೂಸಂಪರ್ಕವನ್ನೂ ತಂತಿಯನ್ನೂ ಬಲ್ಲವರಿಂದ ಪರೀಕ್ಷಿಸುವವರೆಗೆ ಯಂತ್ರವನ್ನು ಮುಟ್ಟಕೂಡದು. ಮೋಟಾರು ಗುಂಯ್ಗುಟ್ಟುತ್ತಾ ಹೊರಡದೆ ನಿಂತರೆ ಕೆಪಾಸಿಟರು ದುರ್ಬಲವಾಗಿರುವ ಸಂಭವವುಂಟು. ಅದು ಅಗ್ಗವಾದ ಭಾಗವೇ ಆದರೂ ಪ್ಲಗ್ಗನ್ನು ಕಿತ್ತ ಮೇಲೆಯೂ ತನ್ನಲ್ಲಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದಾದ ಕಾರಣ ಅದನ್ನು ಬದಲಾಯಿಸುವ ಕೆಲಸವನ್ನು ವಿದ್ಯುತ್ ಕೆಲಸಗಾರನಿಗೇ ಬಿಡತಕ್ಕದ್ದು. ಆತನು ಉಷ್ಣರಕ್ಷಕವನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸಿಕೊಡುವುದಾಗಿ ಹೇಳಿದರೆ ಒಪ್ಪಬಾರದು. ಯಂತ್ರವು ಅಂದಿನಿಂದ ನಿಲ್ಲದೆ ಓಡುವುದು ನಿಜ, ಆದರೆ ಸುರುಳಿ ಸುಡುವವರೆಗೆ ಮಾತ್ರ.